ಲಂಗ ಒದ್ದೆಯಾಗದ ಚಿತ್ರಗಳು

ಮಾತಾಡುವಾಗ ಅವರು ಬೆರಳಿನ ಮೇಲಿನ ಗೋಂದು ಸುಲಿಯುತ್ತಿದ್ದರು. ಮೈದಾ ಹಿಟ್ಟಿನ ಗೋಂದು, ತಾವೇ ಕುದಿಸಿ ಮಾಡಿಕೊಂಡದ್ದು. ಒಣಗಿದ ಮೇಲೆ ಬೆರಳಿಗೆ ಇನ್ನೊಂದು ಚರ್ಮದ ಹಾಗೆ ಕೂತಿರುತ್ತಿತ್ತು. ಅದನ್ನು ಉಗುರಿನಿಂದ ಎಬ್ಬಿಸಿ, ಈರುಳ್ಳಿ ಸಿಪ್ಪೆಯಂತೆ ಎಳೆದು, ಮೇಜಿನ ಮೂಲೆಯಲ್ಲಿ ಗುಡ್ಡೆ ಹಾಕುವರು. ಗಿರಾಕಿ ಹೋದ ಮೇಲೆ ಉಫ್ ಅಂತ ಊದಿಬಿಡುವರು.

ಆಸ್ಟ್ರೇಲಿಯಾದ ಪರ್ತಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಗ್ಯಾರೇಜನ್ನೇ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಮಾಡಿಕೊಂಡಿದ್ದರು. ನನ್ನ ಮಗಳು ಫ್ರೇಮ್ ಅಂಕಲ್ ಅಂದಳು, ನಮ್ಮ ಮನೆಯಲ್ಲಿ ಅದೇ ಉಳಿಯಿತು. ಹಾಲೆಂಡಿನವರು. ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಜೊತೆ ಹಡಗು ಹತ್ತಿ ಬಂದವರು. ನಾನು ಕಾಣುವ ಹೊತ್ತಿಗೆ ಎಂಬತ್ತರ ಹತ್ತಿರ. ಹೆಂಡತಿ ತೀರಿಹೋಗಿದ್ದರು. ಇದ್ದ ಒಬ್ಬ ಮಗಳು ಬ್ರಿಸ್ಬೇನ್ ಕಡೆ, ನಾರ್ತ್ ಲೇಕ್ಸಿನಲ್ಲಿ.

ಮೊದಲ ಸಲ ಹೋದದ್ದು ನಮ್ಮತ್ತೆಯ ಫೋಟೋಕ್ಕೆ ಕಟ್ಟು ಹಾಕಿಸಲು. ಗೌರಿ ಪೂಜೆ ಮುಗಿಸಿಕೊಂಡು ಹಾಗೇ ಹೋಗಿದ್ದರಿಂದ ಮೈಮೇಲೆ ರೇಷ್ಮೆ ಸೀರೆ ಇತ್ತು. ಅವರು ಫೋಟೋ ಕಡೆ ನೋಡಲೇ ಇಲ್ಲ. ನನ್ನ ಸೊಂಟದ ಕಡೆ ನೋಡುತ್ತಾ, ಇದನ್ನು ಬೀಳದ ಹಾಗೆ ಹಿಡಿದಿರುವುದು ಯಾವುದು, ಒಳಗೆ ಗಂಟು ಇದೆಯೇ, ಇದ್ದರೆ ಮುಂದೋ ಹಿಂದೋ ಅಂತ ಕೇಳಿದರು. ನನಗೆ ಮೈ ಉರಿಯಿತು. ಫೋಟೋ ಮೇಜಿನ ಮೇಲಿಟ್ಟು ಬಂದುಬಿಟ್ಟೆ. ನಮ್ಮನೆಯವರು ಗಣಿ ಕೆಲಸದಲ್ಲಿರುವವರು, ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಆವತ್ತು ಫೋನಿನಲ್ಲಿ ಹೇಳಿಕೊಂಡರೆ ನಗುವುದೇ?

"ಎಂಬತ್ತು ವರ್ಷದ ಮುದುಕ ಕಣೇ. ಲಾಡಿ ಅಂತ ಹೇಳಿ ಬರೋದಲ್ವಾ?"

ಫೋಟೋ ತರಲು ಹೋದಾಗ ಅವರೇ ಮೊದಲು ತಪ್ಪಾಯಿತು ಅಂದರು. ಆಮೇಲೆ, ಯಾಕೆ ಕೇಳಿದೆ ಅಂತ ತೋರಿಸುತ್ತೇನೆ ಬಾ ಎಂದು ಒಳಗಿನ ಗೋಡೆಗೆ ಕರೆದುಕೊಂಡು ಹೋದರು. ನೆಲದಿಂದ ಸೂರಿನವರೆಗೆ ಹಳೆಯ ಅಚ್ಚಿನ ಚಿತ್ರಗಳು, ಎಲ್ಲವೂ ಅವರ ದೇಶದ ಹೆಂಗಸರವು. ಮೀನಿನ ಬುಟ್ಟಿ ಹೊತ್ತವಳು, ಬೆಣ್ಣೆ ಕಡೆಯುವವಳು, ಹೊಸಿಲು ಉಜ್ಜುವವಳು, ಹಿಮಗಟ್ಟಿದ ಕಾಲುವೆಯ ಮೇಲೆ ಜಾರುವವಳು. ತಲೆಯ ಮೇಲೆ ಗಂಜಿ ಹಾಕಿದ ಬಿಳಿ ಟೋಪಿ, ಕಪಾಳದ ಹತ್ತಿರ ಚಿನ್ನದ ಸುರುಳಿ, ಕೆಳಗೆ ಒಂದರ ಮೇಲೊಂದು ಲಂಗ. ನಮ್ಮಲ್ಲಿ ಸೀರೆ ಉಟ್ಟ ರೀತಿ ನೋಡಿ ಕೊಡಗಿನವರು ಅನ್ನುವುದಿಲ್ಲವೇ, ಹಾಗೆ ಅವರು ಟೋಪಿಯ ಅಂಚು ನೋಡಿ ಇವಳು ಈ ದ್ವೀಪದವಳು, ಇವಳು ಗಂಡನನ್ನು ಕಳಕೊಂಡವಳು ಅಂತ ಹೇಳುತ್ತಾ ಹೋದರು. ಮೀನಿನವಳ ಮುಂದೆ ನಿಂತು, "ಸಮುದ್ರದ ದಡದಲ್ಲಿ ನಿಂತಿದ್ದಾಳೆ. ಲಂಗದ ಅಂಚಾದರೂ ಒದ್ದೆಯಾಗಿದೆಯಾ ನೋಡು," ಅಂದರು. ಬರೆದವನ ಮೇಲೆ ಹಳೆಯ ದ್ವೇಷವಿದ್ದ ಹಾಗಿತ್ತು ಆ ದನಿ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು ಮಾಡುತ್ತೇನೆ. ಅದು ಗೊತ್ತಾದ ಮೇಲೆ ಅವರಿಗೆ ನನ್ನ ಜೊತೆ ಮಾತು ಮುಗಿಯುತ್ತಿರಲಿಲ್ಲ. ನಲವತ್ತೆಂಟು ದಾಟಿದ ನನ್ನನ್ನು ಹುಡುಗಿ ಅಂತ ಕರೆಯುವರು. ಕೋಡುಬಳೆ ತೆಗೆದುಕೊಂಡು ಹೋದರೆ ಕಾಫಿಗೆ ಅದ್ದಿ ತಿನ್ನುವರು. ಗರಿಗರಿಯಾಗಲೆಂದು ಅಷ್ಟು ಹೊತ್ತು ಸಣ್ಣ ಉರಿಯಲ್ಲಿ ಕರಿದವಳಿಗೆ ಅದನ್ನು ನೋಡುವುದೇ ಸಂಕಟ. ಕೈಗೆ ಬಂದ ಯಾವ ಬಟ್ಟೆಯನ್ನಾದರೂ ಮೊದಲು ತಿರುಗಿಸಿ ಹಿಂಭಾಗ ನೋಡುವರು. ಗೋಡೆಯ ಮೇಲಿನ ಚಿತ್ರ ಮಾರುತ್ತೀರಾ ಅಂತ ಯಾರಾದರೂ ಕೇಳಿದರೆ, ಇನ್ನೂ ಓದಿ ಮುಗಿದಿಲ್ಲ ಅನ್ನುವರು.

ಒಮ್ಮೆ ಅಡಿಲೇಡಿನ ವ್ಯಾಪಾರಿಯೊಬ್ಬ, ನಿಮ್ಮೂರಿನ ಕಡೆಯ ಹೆಂಗಸು ಬೆನ್ನು ತಿರುಗಿಸಿ ನಿಂತ ಚಿತ್ರ ಸಿಕ್ಕಿದೆ ಅಂತ ಫೋನ್ ಮಾಡಿದ. ಬೀದಿ ದಾಟಿ ಹಾಲು ತರಲೂ ಬೇಸರಪಡುತ್ತಿದ್ದವರು ವಿಮಾನ ಹತ್ತಿ ಹೋದರು. ಬಂದ ಮೇಲೆ ಬಾಗಿಲೇ ತೆಗೆಯಲಿಲ್ಲ. ಮೂರನೇ ದಿನ ಸಾರು ತೆಗೆದುಕೊಂಡು ಹೋದೆ. ಚಿತ್ರ ಮೇಜಿನ ಮೇಲಿತ್ತು. ನಿಜ, ಹೆಂಗಸು ಬೆನ್ನು ತಿರುಗಿಸಿಯೇ ನಿಂತಿದ್ದಳು. ಆದರೆ ಹೆಗಲಿನಿಂದ ಇಳಿದ ದಪ್ಪ ಶಾಲು ಸೊಂಟವನ್ನೆಲ್ಲಾ ಮುಚ್ಚಿತ್ತು.

ನೀವು ಹುಡುಕುತ್ತಿರುವುದಾದರೂ ಏನು ಅಂಕಲ್ ಅಂತ ಆವತ್ತು ಕೇಳಿದೆ. ಗೋಂದು ಸುಲಿಯುವುದನ್ನು ನಿಲ್ಲಿಸಿ ಹೇಳಿದರು.

ಅವರ ಊರು ಸಮುದ್ರಕ್ಕಿಂತ ತಗ್ಗು. ಮಣ್ಣಿನ ಏರಿಯ ಹಿಂದೆ ಇದ್ದ ಊರು. ಅವರಿಗೆ ಎಂಟು ವರ್ಷ, ಚಳಿಗಾಲ, ಏರಿ ಒಡೆಯಿತು. ಅಪ್ಪ ಬೇರೆ ಊರಿನಲ್ಲಿ ಕೆಲಸಕ್ಕೆ ಹೋಗಿದ್ದ. ತಾಯಿ ಮಗ ಇಬ್ಬರೂ ಸೂರು ಹತ್ತಿ ಕೂತರು. ಮಾರನೆಯ ಮಧ್ಯಾಹ್ನ ನೀರು ಎರಡನೇ ಸಲ ಏರಿ ಬಂದು ಗೋಡೆ ಕುಸಿಯಿತು, ಸೂರಿನ ಒಂದು ಭಾಗ ಇವರನ್ನು ಹೊತ್ತುಕೊಂಡು ತೇಲಿತು. ತಾಯಿಯ ಮೈಮೇಲೆ ಆ ಊರಿನ ಉಡುಪು, ಉಣ್ಣೆಯ ಕರಿ ಲಂಗಗಳು. ಸೊಂಟದ ಕೆಳಗೆಲ್ಲಾ ನೀರಿನಲ್ಲಿ. ನೀರು ಕುಡಿದ ಉಣ್ಣೆ ಅವಳನ್ನು ಕೆಳಗೆ ಎಳೆಯುತ್ತಿತ್ತು. ಅವಳು ಎರಡು ಕೈಯಲ್ಲೂ ತೊಲೆ ಹಿಡಿದುಕೊಂಡು, ಹಿಂದೆ ಗಂಟಿದೆ, ಬಿಚ್ಚು ಅಂದಳಂತೆ. ಗಂಟಿನ ಮೇಲೆ ಮಾತ್ರ ಕಣ್ಣಿಡು, ಬೇರೆ ಎಲ್ಲೂ ನೋಡಬೇಡ ಅಂದಳಂತೆ. ಇವರು ಬೋರಲು ಮಲಗಿ, ಅವಳ ಬೆನ್ನಿಗೆ ಮುಖ ಹತ್ತಿಸಿ ಬಿಚ್ಚುತ್ತಲೇ ಇದ್ದರು. ಬಿಚ್ಚುತ್ತಿರುವಾಗಲೇ ಲಂಗ ಕೈಯಿಂದ ಜಾರಿಹೋಯಿತು, ತಾಯಿಯ ಜೊತೆಗೆ.

"ಬುದ್ಧಿ ಇರೋ ಹುಡುಗ ಆಗಿದ್ರೆ ಬಿಚ್ಚಬಹುದಿತ್ತಾ? ಅಷ್ಟು ಗೊತ್ತಾದ್ರೆ ಸಾಕು ನಂಗೆ," ಅಂದರು. ಗಂಟು ಹೇಗಿತ್ತೆಂದು ನೆನಪಿಲ್ಲ. ಜೀವಮಾನವೆಲ್ಲಾ ಚಿತ್ರಗಳಲ್ಲಿ ಹುಡುಕಿದ್ದು ಅದನ್ನೇ. ಬರೆದವರೆಲ್ಲಾ ಮುಂದೆ ನಿಂತು ಬರೆದಿದ್ದರು.

ನೋಡಿ ತಿಳಿಯದಿದ್ದರೆ ಹೊಲಿದು ನೋಡೋಣ ಅಂದೆ. ಹಳೇ ಬಟ್ಟೆ ಮಾರುವ ಅಂಗಡಿಯಲ್ಲಿ ಎರಡು ಉಣ್ಣೆಯ ಕೋಟು ಸಿಕ್ಕವು. ಬಿಚ್ಚಿ, ಚಿತ್ರದಲ್ಲಿದ್ದ ಹಾಗೆ ನೆರಿಗೆ ಹಿಡಿದು, ಹತ್ತಿಯ ಲಾಡಿ ಹಚ್ಚಿದೆ. ಒಂದು ಭಾನುವಾರ ಮಧ್ಯಾಹ್ನ ಅವರ ಹಿತ್ತಿಲಿನಲ್ಲಿ, ನಾನು ಬ್ಲೌಸ್ ಅಳತೆಗೆ ಇಟ್ಟುಕೊಂಡಿರುವ ಬೊಂಬೆಗೆ ಲಂಗ ಉಡಿಸಿ ಟಬ್ಬಿನಲ್ಲಿ ನಿಲ್ಲಿಸಿದೆವು. ಪರ್ತಿನ ಬಿಸಿಲಿಗೆ ನೀರು ಬೆಚ್ಚಗಾಗಿಬಿಡುತ್ತದೆ ಅಂತ ಅವರು ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ಹೋಗಿ ಐಸ್ ಚೀಲ ಹೊತ್ತು ತಂದು ಸುರಿದರು. ಲಂಗ ನೆನೆಯುವ ತನಕ ಕಾದೆವು. ಆಮೇಲೆ ಅವರು ಮೊಣಕಾಲೂರಿ ಕೈ ಹಾಕಿದರು.

ನನಗೆ ಅಷ್ಟರಲ್ಲೇ ಗೊತ್ತಾಗಿತ್ತು. ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಇಳಿಯುವ ಮುಂಚೆ ನಮ್ಮಮ್ಮ ಲಾಡಿಗೆ ಎಳೆದರೆ ಬಿಚ್ಚಿಕೊಳ್ಳುವ ಜೀರುಗಂಟು ಹಾಕಿದ್ದೀಯಾ ಅಂತ ಮುಟ್ಟಿ ನೋಡುತ್ತಿದ್ದಳು. ಒದ್ದೆಯಾಗಿ ಬಿಗಿದ ಲಾಡಿ ಬಿಚ್ಚುವುದಿಲ್ಲ, ಕತ್ತರಿಸಬೇಕು. ಲಂಗ ಉಡುವ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಅವರ ಕೈ ನೀಲಿಯಾಯಿತು. ನನ್ನದು ಮುದಿ ಕೈ, ನೀನು ನೋಡು ಅಂದರು. ನೋಡಿದೆ. ದಿನವೆಲ್ಲಾ ದಾರದ ಜೊತೆ ಇರುವ ಕೈ ನನ್ನದು, ಗಂಟು ಅಲ್ಲಾಡಲಿಲ್ಲ.

"ಅಂಕಲ್, ನಿಮ್ಮಮ್ಮ ದಿನಾ ಉಡೋರು ಇದನ್ನ. ಒದ್ದೆ ಗಂಟು ಬಿಚ್ಚಲ್ಲ ಅಂತ ಅವರಿಗೆ ಗೊತ್ತಿತ್ತು."

"ಮತ್ತೆ ಯಾಕೆ ಬಿಚ್ಚು ಅಂದ್ಲು?"

"ನೀವು ಸುತ್ತ ನೋಡಬಾರದು ಅಂತ. ಭಯಪಡಬಾರದು ಅಂತ. ಕೈಗೊಂದು ಕೆಲಸ ಕೊಟ್ರು."

ಅವರು ಅಲ್ಲೇ ಹುಲ್ಲಿನ ಮೇಲೆ ಕೂತರು. ಪಕ್ಕದ ಮನೆಯಲ್ಲಿ ಬಾರ್ಬೆಕ್ಯೂ ನಡೆಯುತ್ತಿತ್ತು, ಮಾಂಸ ಸುಡುವ ಹೊಗೆ ಬೇಲಿ ದಾಟಿ ಬರುತ್ತಿತ್ತು. ನನ್ನ ಮಾತಿನಿಂದ ಅವರ ಎದೆ ಹಗುರಾಗುತ್ತದೆ ಅಂತ ನಾನು ಎಣಿಸಿದ್ದೆ.

"ಹಾಗಾದ್ರೆ ಆ ಹೊತ್ತಷ್ಟೂ ಅವಳ ಮುಖ ನೋಡಬಹುದಿತ್ತು," ಅಂದರು. "ನಾನು ಗಂಟು ನೋಡ್ತಿದ್ದೆ."

ಮನೆಯ ಜೊತೆ ಮನೆಯಲ್ಲಿದ್ದ ಫೋಟೋಗಳೂ ಹೋಗಿದ್ದವು. ತಾಯಿಯ ಮುಖ ನೆನಪಿಲ್ಲ ಅಂತ ನನಗೆ ಹೇಳಿದ್ದು ಆವತ್ತೇ.

ಆಮೇಲೆ ಅಂಗಡಿ ತೆರೆಯುವುದು ಕಡಿಮೆಯಾಯಿತು. ಹೋದಾಗಲೆಲ್ಲಾ ಗೋಡೆಯಿಂದ ಒಂದೊಂದು ಚಿತ್ರ ಇಳಿಸಿ, ಭೂತಗನ್ನಡಿ ಹಿಡಿದು ಕೂತಿರುವರು. ಈಗ ಸೊಂಟದ ಕಡೆ ಅಲ್ಲ, ಟೋಪಿಯ ಕೆಳಗೆ. ಆ ಅಚ್ಚಿನ ಚಿತ್ರಗಳಲ್ಲಿ ಮುಖ ಅಂದರೆ ಎರಡು ಚುಕ್ಕೆ, ಒಂದು ಗೆರೆ. ಉಡುಪಿನ ಒಂದೊಂದು ಗುಂಡಿಯನ್ನೂ ಬಿಡದೆ ಕೊರೆದವರು ಮುಖಗಳನ್ನು ಮಾತ್ರ ಒಂದೇ ಎರಕ ಹೊಯ್ದ ಹಾಗೆ ಮುಗಿಸಿಬಿಟ್ಟಿದ್ದರು. ಇವಳಲ್ಲ ಅನ್ನುವರು, ಗೋಡೆಯ ಕಡೆಗೆ ತಿರುಗಿಸಿ ಇಡುವರು. ಎಲ್ಲವೂ ಮುಗಿಯಿತು, ಯಾರೂ ಅವಳಾಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಗಂಟು ಬಿಚ್ಚುವವಳಂತೆ ನಟಿಸಿದ್ದರೆ ಚೆನ್ನಾಗಿರುತ್ತಿತ್ತೇ ಅಂತ ಕೆಲವು ಸಲ ಅನ್ನಿಸಿದೆ. ಅವರು ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ.

ಮುಂದಿನ ಚಳಿಗಾಲದಲ್ಲಿ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರು. ಇನ್ನು ಮಾಡುವುದೇನಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ನಾರ್ತ್ ಲೇಕ್ಸಿನಿಂದ ಮಗಳು ಬಂದಳು. ಒಳ್ಳೆಯ ಹೆಣ್ಣು, ಸುಮ್ಮನೆ ಕೂರಲಾರದವಳು. ದಿಂಬು ಸರಿಮಾಡುವಳು, ನೀರಿನ ಲೋಟ ಬದಲಿಸುವಳು, ನರ್ಸನ್ನು ಹುಡುಕಿಕೊಂಡು ಹೋಗುವಳು. ನಾನು ಗಂಜಿ ತೆಗೆದುಕೊಂಡು ಹೋದ ಮಧ್ಯಾಹ್ನ, ಮೂಗಿನಿಂದ ಇಳಿದ ಆಮ್ಲಜನಕದ ಕೊಳವೆ ಮಂಚದ ಕಂಬಿಗೆ ಸಿಕ್ಕಿಕೊಂಡಿದೆ ಅಂತ ಬಗ್ಗಿಕೊಂಡು ಬಿಡಿಸುತ್ತಿದ್ದಳು. ಅವರು ತುಂಬಾ ಹೊತ್ತು ಅವಳ ನೆತ್ತಿ ನೋಡುತ್ತಾ ಮಲಗಿದ್ದರು. ಆಮೇಲೆ ಅವಳ ಮಣಿಕಟ್ಟು ಹಿಡಿದರು.

"ಅದನ್ನ ಬಿಡು. ಇಲ್ಲಿ ನೋಡು," ಅಂದರು.

ಅವಳು ತಲೆಯೆತ್ತಿದಳು. ಬಾಯಿ ಸೊಟ್ಟಗಾಗಿ, ಮೂಗು ಸೋರುತ್ತಿದ್ದ ಮುಖ. ಒಂದು ಸಲ ಆಚೆ ತಿರುಗಿಸಲು ಹೋದಳು, ಅವರು ಬಿಡಲಿಲ್ಲ. ಗಂಜಿಯ ಡಬ್ಬಿಯನ್ನು ಕಿಟಕಿಯ ಹತ್ತಿರ ಇಟ್ಟು ನಾನು ಹೊರಗೆ ಬಂದೆ. ಸಂಜೆ ಅವರು ಹೋದಾಗಲೂ ಅವಳು ಹಾಗೇ ನೋಡುತ್ತಾ ಕೂತಿದ್ದಳಂತೆ, ಕೈಗೆ ಕೆಲಸವಿಲ್ಲದೆ.