ಎರಡು ಬೋಳು ತಲೆಗಳು

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಎರಡು ಬೋಳು ತಲೆಗಳು ಎದುರುಬದುರು ಕೂತಿದ್ದವು. ಒಂದು ನನ್ನದು. ಇನ್ನೊಂದು, ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಿಂದ ರೈಲು ಹತ್ತಿ ಬಂಗಾರಪೇಟೆಗೆ ಬಂದಿದ್ದ ಸುಬ್ರಮಣಿಯದು.

ನನ್ನ ತಲೆಯ ಕಾರಣ ಹೇಳಿಬಿಡುತ್ತೇನೆ. (ಮೂರು ವಾರ ಈ ಅಂಕಣ ಏಕೆ ಬರಲಿಲ್ಲ ಎಂದು ಕೇಳಿದವರಿಗೂ ಇದೇ ಉತ್ತರ.) ಗಣಿಯಲ್ಲಿ ಬಂಡೆ ಸಿಡಿದು ನನ್ನ ತಮ್ಮ ಮುನಿರಾಜು ತೀರಿಕೊಂಡ. ಅಪ್ಪ ಇಲ್ಲದ ಮನೆ. ಕರ್ಮ ಮಾಡಿದವನು ನಾನೇ.

ಸುಬ್ರಮಣಿ ಅವನ ಜೊತೆ ಕೆಲಸ ಮಾಡುತ್ತಿದ್ದವನು. ಅವನ ತಲೆ ನೋಡಿ ಅಮ್ಮ ಗಾಬರಿಯಾದಳು.

“ಅಯ್ಯೋ, ನಿಮ್ಮನೇಲೂನಾ? ಯಾರಪ್ಪಾ ಓಗಿದ್ದು?”

“ಯಾರೂ ಇಲ್ಲಮ್ಮಾ. ಅರಕೆ. ತಿರುಪ್ತಿಗೋಗಿ ಮುಡಿ ಕೊಟ್ಬಂದೆ.” ಲಾಡು ಮುಂದಿಟ್ಟು ನನ್ನ ಕಡೆ ತಿರುಗಿದ. “ಅವತ್ತು ನಂಗೆ ಜ್ವರ, ಡ್ಯೂಟಿಗೋಗ್ಲಿಲ್ಲ. ದೇವ್ರಿಲ್ಲ ಅಂತಾರಲ್ಲಣ್ಣಾ, ನಾನು ಬದ್ಕಿರೋದೇ ಸಾಕ್ಷಿ ಅಲ್ವಾ?”

ಅವತ್ತು ಅವನ ಬದಲು ಕೆಳಗಿಳಿದವನು ಮುನಿರಾಜು.

ಸುಬ್ರಮಣಿ ಕೆಟ್ಟವನಲ್ಲ. ಆ ವಾದವಾದರೂ ಅವನದಲ್ಲ, ನನ್ನದೇ.

ರಜೆಯ ದಿನ ಮುನಿರಾಜು ಮನೆಗೆ ಬಂದರೆ ನಮ್ಮಿಬ್ಬರಿಗೂ ದೇವರ ವಿಷಯಕ್ಕೇ ಜಗಳ. ಗಡಿಯಾರ ಇದ್ದಮೇಲೆ ಅದನ್ನು ಮಾಡಿದವನೊಬ್ಬ ಇರಬೇಕಲ್ಲ ಎಂದು ನಾನು. “ನಿನ್ ಗಡಿಯಾರ ದಿನಾ ಅತ್ನಿಮಿಷ ಲೇಟು. ಮಾಡ್ದೋನ್ಗೆ ಏನನ್ನಾಣ?” ಎಂದು ಅವನು. ಕಣ್ಣಿಗೆ ಕಾಣದ್ದು ಇಲ್ಲ ಎಂದು ಅವನು. “ನಿನ್ ಬುದ್ಧೀನೂ ಕಾಣಲ್ಲ ಕಣ್ಲಾ, ಇಲ್ಲ ಅಂತ ಬರ್ಕೊಳ್ಳಾ?” ಎಂದು ನಾನು. ಎರಡೂ ಕಡೆ ಪೊಳ್ಳು ವಾದಗಳೇ. ಕಾಫಿ ಆರುವವರೆಗೆ ಬಾಳುವಂಥವು. ಒಳಗಿಂದ ಅಮ್ಮ ನಗುತ್ತಿದ್ದಳು.

ಹೋದ ವರ್ಷವೂ ಒಮ್ಮೆ ಬಂಡೆ ಸಿಡಿದಿತ್ತು. ಪಕ್ಕದವನು ಸತ್ತ. ಎರಡು ಹೆಜ್ಜೆ ಈಚೆಗಿದ್ದ ಮುನಿರಾಜು ಉಳಿದ. “ನೋಡ್ದಾ? ಇದಕ್ಕಿಂತ ಸಾಕ್ಷಿ ಬೇಕಾ?” ಎಂದೆ. ಗೆದ್ದೇಬಿಟ್ಟೆ ಎಂದುಕೊಂಡಿದ್ದೆ.

ಅವನು ನಗಲಿಲ್ಲ. “ಅಣ್ಣಾ, ಈ ಮಾತ್ನ ಆ ಸತ್ತೋನ್ ಅಮ್ಮನ್ ಮುಂದೆ ಓಗಿ ಏಳು. ಏಳಕ್ಕಾದ್ರೆ ನಾನು ಸೋತೆ.”

ನಾನು ಹೋಗಲಿಲ್ಲ. ಯಾರು ತಾನೇ ಹೋಗುತ್ತಾರೆ?

ಈಗ ಆ ಮಾತು ತಾನಾಗಿಯೇ ರೈಲು ಹತ್ತಿ ನಮ್ಮ ಮನೆಗೆ ಬಂದಿತ್ತು. ಒಬ್ಬ ತಾಯಿಯ ಮುಂದೆಯೇ ಕೂತಿತ್ತು.

ಅಮ್ಮ ಬೈಯಲಿಲ್ಲ. ಲಾಡು ಕಣ್ಣಿಗೊತ್ತಿಕೊಂಡಳು. “ನೂರ್ಕಾಲ ಬಾಳಪ್ಪಾ” ಎಂದಳು. ಸುಬ್ರಮಣಿಗೆ ಆಗ ತನ್ನ ಮಾತು ತನಗೇ ಕೇಳಿಸಿತೇನೋ. ತಲೆಗೆ ಟವೆಲ್ ಸುತ್ತಿಕೊಂಡು, ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಅವನು ಬೀದಿ ದಾಟಿದ ಮೇಲೆ ಅಮ್ಮ ಕೇಳಿದಳು: “ಮುನಿರಾಜು ಗಣಿಗೆ ಸೇರ್ದಾಗ್ಲೇ ನಾನೂ ಅರಕೆ ಕಟ್ಕೊಂಡಿದ್ದೆ ಕಣೋ. ಅದೇ ದೇವ್ರಿಗೆ. ಸರ್ಯಾಗಿ ಏಳ್ಕೊಳ್ಲಿಲ್ವೇನೋ ನಾನು?”

ಮಗನನ್ನು ಕಳೆದುಕೊಂಡವಳು ತಪ್ಪನ್ನೂ ತನ್ನ ಮೇಲೇ ಹಾಕಿಕೊಳ್ಳುತ್ತಿದ್ದಳು.

ಮುನಿರಾಜು, ನಾನು ಸೋತೆ ಕಣೋ. ಅದನ್ನು ಈಗ ಯಾರ ಮುಂದೆ ಒಪ್ಪಿಕೊಳ್ಳಲಿ?