ಹುಡುಗ ಎಲ್ಲಿ ನೋಡಾಕತ್ತಾನ

ಬ್ಯಾಡಗಿಯ ಬಸವಣ್ಣೆವ್ವನ ಸುದ್ದಿ ಜಯವ್ವನ ಕಿವಿಗೆ ಮೊದಲು ಬಿದ್ದದ್ದು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ. ಕೈತುಂಬ ಸಂಬಳದ ವರನೊಬ್ಬನನ್ನು ಆಕೆ ಒಂದೇ ಮಾತಿಗೆ ಬೇಡವೆನ್ನಿಸಿದಳೆಂದು ಪಕ್ಕದ ಹೆಂಗಸರಿಬ್ಬರು ಬಿದ್ದುಬಿದ್ದು ನಗುತ್ತಿದ್ದರು. ಕನ್ಯೆ ನೋಡಲು ಬಂದವನು ಶಿರಾದ ತಟ್ಟೆಯಲ್ಲಿ ಗೋಡಂಬಿ ಹುಡುಕುತ್ತಿದ್ದನಂತೆ. ಹುಡುಗಿಯ ಅಜ್ಜಿ ಹೊಸ್ತಿಲು ಎಡವಿದರೂ ತಲೆ ಎತ್ತಲಿಲ್ಲವಂತೆ.

ಜಯವ್ವನೂ ನಕ್ಕಳು. ಮುಂದೆ ತಮ್ಮನ ಬೀಗರ ಮನೆಯಲ್ಲಿ ಆ ಬಸವಣ್ಣೆವ್ವನದೇ ಗುರುತಾಗಿ ಇಬ್ಬರೂ ಗೆಳತಿಯರೇ ಆದರು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಮುದುಕಿಯಾದ ಬಸವಣ್ಣೆವ್ವನದು ಒಂದೇ ಮಾತು: ಚೀಲದ ಬಾಯಿಗೆ ಎಲ್ಲರೂ ಕೆಂಪನೆಯ ಕಾಯನ್ನೇ ಇಡುತ್ತಾರೆ, ಮುಖವೂ ಹಾಗೆಯೇ, ಆದರೆ ಕಣ್ಣು ಎಲ್ಲಿ ನಿಲ್ಲುತ್ತದೋ ಮನಸ್ಸು ಅಲ್ಲಿರುತ್ತದೆ. ಅದಕ್ಕೇ ಕನ್ಯೆ ತೋರಿಸುವ ಮನೆಗಳಿಂದ ಆಕೆಗೆ ಕರೆ. ಮೂಲೆಯಲ್ಲಿ ಕುಳಿತು ವರನ ಕಣ್ಣಿನ ಬೆನ್ನು ಹತ್ತುವಳು.

ಜಯವ್ವನ ಮೊಮ್ಮಗಳು ಶ್ರದ್ಧಾಳನ್ನು ನೋಡಲು ಹಾವೇರಿಯಿಂದ ಋಷಿಕೇಶ ಎಂಬ ವರ ಬಂದ ದಿನವೂ ಆಕೆಯನ್ನು ಕರೆಸಿದರು. ಅಷ್ಟರಲ್ಲಿ ಬಸವಣ್ಣೆವ್ವನ ಎರಡೂ ಕಣ್ಣು ಮಂಜಾಗಿದ್ದವು. ಹೂಂ ಅನ್ನುವುದೋ ಬೇಡವೆನ್ನುವುದೋ, ಮಗಳು-ಅಳಿಯ ಜಯವ್ವನ ಮೇಲೇ ಬಿಟ್ಟಿದ್ದರು.

“ಇವತ್ತ ನೀನ ನನ್ನ ಕಣ್ಣು. ಹುಡುಗ ಎಲ್ಲಿ ನೋಡಾಕತ್ತಾನ, ಅಷ್ಟ ಹೇಳು,” ಎಂದಳು ಬಸವಣ್ಣೆವ್ವ.

“ಮಾರಿ ಮಾತ್ರ ಚಂದ್ರಾಮ ಇದ್ದಂಗ ಐತಿ ಬಿಡಕ್ಕಾ.”

“ಚಂದ್ರಾಮನ್ನ ಏನ್ ರೊಟ್ಟಿಗೆ ಹಚಗೊಂಡ ತಿಂತೀಯೇನ? ಕಣ್ಣೆಲ್ಲಿ ಅದಾವ ಹೇಳ.”

ಶ್ರದ್ಧಾ ನೆಲ ನೋಡುತ್ತಲೇ ಚಹಾ ತಂದಳು. ಋಷಿಕೇಶ ಆಕೆಯ ಮುಖ ನೋಡಲೇ ಇಲ್ಲ; ಅವನ ದೃಷ್ಟಿಯೆಲ್ಲ ಟ್ರೇ ಮೇಲೆ. ಇವನೂ ಗೋಡಂಬಿಯವನ ತಮ್ಮನೇ ಎಂದುಕೊಂಡಳು ಜಯವ್ವ. ಇದ್ದದ್ದನ್ನು ಗೆಳತಿಯ ಕಿವಿಯಲ್ಲಿ ಊದಿದಳು. ಊದಿ ಮುಗಿಯುವಷ್ಟರಲ್ಲಿ ಕಪ್ಪುಗಳು ಒಂದು ಕಡೆಗೆ ಜಾರಿದವು. ಋಷಿಕೇಶ ಎದ್ದವನೇ ಟ್ರೇ ಕೆಳಗೆ ಕೈ ಕೊಟ್ಟ. ಹುಡುಗಿಯ ಕೈ ಸುಡುವುದು ತಪ್ಪಿತು, ಅವನ ಬಿಳಿ ಪ್ಯಾಂಟು ಮಾತ್ರ ಕೆಟ್ಟಿತು. ಟ್ರೇ ವಾಲುವುದನ್ನು ಅವನೊಬ್ಬನೇ ಮೊದಲಿಂದ ಕಂಡಿದ್ದ.

ಅಷ್ಟೂ ಹೇಳಿ ಜಯವ್ವ ಹೂಂ ಅನ್ನಲು ಬಾಯಿ ತೆರೆದಳು. ಬಸವಣ್ಣೆವ್ವ ಆಕೆಯ ಮುಂಗೈ ಹಿಡಿದಳು.

“ತಡಿ. ನಮ್ಮ ಹುಡುಗಿ ಎಲ್ಲಿ ನೋಡಾಕತ್ತಾಳ?”

ಆಕೆ ಜಯವ್ವನನ್ನು ಕೇಳಿದ ಕೊನೆಯ ಮಾತು ಅದು. ಆ ವರ್ಷದ ಕಾರಹುಣ್ಣಿಮೆಯ ಹೊತ್ತಿಗೆ ಆಕೆ ಬದುಕಿರಲಿಲ್ಲ. ಆದರೆ ಆ ದಿನ ಅದನ್ನು ಕೇಳುವವರೆಗೆ ಮನೆಯಲ್ಲಿ ಒಬ್ಬರೂ ಅತ್ತ ನೋಡಿರಲಿಲ್ಲ. ಜಯವ್ವ ತಿರುಗಿದಳು. ಶ್ರದ್ಧಾಳ ಕಣ್ಣು ನೆಲ ಬಿಟ್ಟು ಆ ಪ್ಯಾಂಟಿನ ಮೇಲಿನ ಚಹಾದ ಕಲೆಗೆ, ಅಲ್ಲಿಂದ ಅವನ ಮುಖಕ್ಕೆ ಏರಿತ್ತು. ನಗು ತಡೆಯಲು ತುಟಿ ಕಚ್ಚಿದ್ದಳು. ಕಂಡದ್ದನ್ನು ಕಂಡಂತೆ ಹೇಳಿದಳು ಜಯವ್ವ.

ಬಸವಣ್ಣೆವ್ವ ಹಿಡಿದಿದ್ದ ಮುಂಗೈ ಬಿಟ್ಟಳು, ಜಯವ್ವ ಹೂಂ ಅಂದಳು.