ಮೂರು ಬೊಗಸೆ ಗಾಣದ ಬೂದಿ

ಆ ಹಾಳೆಯನ್ನು ನಾನೇ ಕೊಟ್ಟೆನೋ, ನಾನು ಚಹಾ ತರಲು ಹೋದಾಗ ಆತನೇ ನೋಡಿ ಬರೆದುಕೊಂಡನೋ, ನನಗೆ ಖಚಿತವಿರಲಿಲ್ಲ. ಎರಡನೆಯದೇ ನಿಜವೆಂದು ಇಷ್ಟು ವರ್ಷ ನಂಬಿಕೊಂಡು ಬಂದೆ. ಅದರಲ್ಲಿ ನನ್ನ ತಪ್ಪಿನ ಪಾಲು ಕಡಿಮೆಯಿತ್ತು ಎನ್ನುವುದು ಬಿಟ್ಟರೆ ಆ ನಂಬಿಕೆಗೆ ಬೇರೆ ಆಧಾರವಿರಲಿಲ್ಲ.

ಹೋದ ತಿಂಗಳು ಮಗಳು ಮಾಲ್‌ನಿಂದ ಒಂದು ಮಣ್ಣಿನ ಪಾತ್ರೆ ತಂದಳು. ಕುವೈತಿನಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. “ಅಪ್ಪಾ, ಗ್ಯಾಸ್ ಮೇಲಿಟ್ರೂ ಇಟ್ ವೋಂಟ್ ಕ್ರ್ಯಾಕ್. ಪೇಟೆಂಟೆಡ್!” ಎಂದಳು. ಅವಳ ಬೆನ್ನ ಹಿಂದೆ ಒಲೆಯ ಮೇಲೆ ಗೌರಕ್ಕನ ಗಡಿಗೆಯಲ್ಲಿ ಕಟ್ಟಿನ ಸಾರು ಕುದಿಯುತ್ತಿತ್ತು. ಆ ಗಡಿಗೆ ನಮ್ಮ ಮನೆಯ ಒಲೆಯ ಮೇಲೇರಿದಾಗ ಮಗಳಿನ್ನೂ ಶಾಲೆಗೆ ಸೇರಿರಲಿಲ್ಲ.

ಹೊಸ ಪಾತ್ರೆಯ ಚೀಟಿ ಓದಿದೆ. ಕಬ್ಬಿನ ಸಿಪ್ಪೆಯ ಬೂದಿ ಬೆರೆಸಿದ ವಿಶೇಷ ಮಣ್ಣು, ಹಕ್ಕುಗಳನ್ನು ಕಾಯ್ದಿರಿಸಲಾಗಿದೆ, ಪ್ರಾಚೀನರ ಜ್ಞಾನದಿಂದ ಪ್ರೇರಿತ. ಆ ಪ್ರಾಚೀನರು ಯಾರೆಂದು ಬರೆದಿರಲಿಲ್ಲ. ಅವರಲ್ಲಿ ಒಬ್ಬರು ಈಗ ಖಾನಾಪುರದ ಹತ್ತಿರ ಇದ್ದಾರೆ. ಸಂಜೆ ಐದರ ಮೇಲೆ ಫೋನ್ ಮಾಡಿದರೆ ಸಿಗುತ್ತಾರೆ.

ಗೌರಕ್ಕ ಕುಂಬಾರರ ಮನೆಯ ಹೆಣ್ಣುಮಗಳು. ಗಂಡ ಕುವೈತಿನ ಮೀನಾ ಅಬ್ದುಲ್ಲಾ ರಿಫೈನರಿಯಲ್ಲಿ ವೆಲ್ಡರ್. ತೊಂಬತ್ತರ ದಶಕದ ಕೊನೆಯಲ್ಲಿ ಆಕೆ ಕುವೈತಿಗೆ ಬಂದಾಗ ಸೂಟ್‌ಕೇಸಿನಲ್ಲಿ ಸೀರೆಗಿಂತ ಹೆಚ್ಚು ಬೂದಿ ಇತ್ತು. ಬೆಲ್ಲ ಕಾಯಿಸುವ ಗಾಣದ ಒಲೆಯಲ್ಲಿ ಕಬ್ಬಿನ ಸಿಪ್ಪೆ ಉರಿದು ಉಳಿದ ಬೂದಿ. ಅದನ್ನು ಮಣ್ಣಿಗೆ ಬೆರೆಸಿದರೆ ಗಡಿಗೆ ಬೆಂಕಿಗೆ ಸೀಳುವುದಿಲ್ಲ. ವಿಮಾನ ನಿಲ್ದಾಣದ ಅಧಿಕಾರಿ ಆ ಬೂದುಬಣ್ಣದ ಪುಡಿಯ ಪೊಟ್ಟಣ ಎತ್ತಿ ಹಿಡಿದು, “ಶ್ನೂ ಹಾದಾ?” ಎಂದನಂತೆ. ಏನಿದು ಎಂದು ಕೇಳಿದ್ದು ಈಕೆಗೆ ಭಾಷೆ ಬಾರದಿದ್ದರೂ ಅರ್ಥವಾಯಿತು. ಚಿಟಿಕೆ ಬೂದಿ ತೆಗೆದು ಬೆರಳಿನಿಂದ ಗಸಗಸ ಹಲ್ಲು ತಿಕ್ಕಿ, ಹಲ್ಲು ಕಿಸಿದು ತೋರಿಸಿದಳು. ಆತ ನಕ್ಕು “ಖಲಾಸ್, ಯಲ್ಲಾ” ಎಂದು ಕೈ ಬೀಸಿದ. ಈ ಪ್ರಸಂಗವನ್ನು ನಾನು ಕಣ್ಣಾರೆ ಕಂಡವನಂತೆ ಹತ್ತು ಮಂದಿಗೆ ಹೇಳಿದ್ದೇನೆ. ನೀವು ಆ ದಿನ ವಾಂತಿಯಾಗಿ ಮನೆಯಲ್ಲೇ ಮಲಗಿದ್ದಿರಿ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು. ನನ್ನ ನೆನಪಿನ ಯೋಗ್ಯತೆ ಇಷ್ಟು ಎಂದು ನಿಮಗೆ ಮೊದಲೇ ಗೊತ್ತಿರಲಿ.

ಅಹ್ಮದಿಯಲ್ಲಿ ಒಂದು ಕ್ಲಬ್ಬಿನ ಕರಕುಶಲ ಕೋಣೆ ಇತ್ತು. ಅಲ್ಲಿ ಕರೆಂಟಿನ ಒಂದು ಭಟ್ಟಿ. ಸೆರಾಮಿಕ್ ಕಲಾವಿದೆಯರು ಹತ್ತು ಹನ್ನೆರಡು ಮಂದಿ ಬರುತ್ತಿದ್ದರು. ಅವರ ಹೂದಾನಿಗಳು ಭಟ್ಟಿಯಲ್ಲಿ ಆಗಾಗ ಸೀಳುತ್ತಿದ್ದವು, ಗೌರಕ್ಕನ ಗಡಿಗೆಗಳು ಸೀಳುತ್ತಿರಲಿಲ್ಲ. ಆಕೆ ಊರಿನಿಂದ ಬರುವವರ ಕೈಯಲ್ಲಿ ಮತ್ತೆ ಮತ್ತೆ ಬೂದಿ ತರಿಸಿ ಕೇಳಿದವರಿಗೆಲ್ಲ ಕೊಟ್ಟಳು, ಕಲಸುವುದನ್ನು ಕಲಿಸಿದಳು. ಫಹಾಹೀಲಿನಲ್ಲಿ ಅಂಗಡಿ ಇಟ್ಟಿದ್ದ ಉಳ್ಳಾಲದ ಹಮೀದ್ ಗಡಿಗೆಗಳನ್ನು ಅಡುಗೆಗೆಂದು ಮಾರುತ್ತಿದ್ದ. “ಅಕ್ಕನ ಚಟ್ಟಿಯಲ್ಲಿ ಬಂಗುಡೆ ಗಸಿ ಮಾಡಿ ನೋಡಿ ಮಾರಾಯ್ರೆ, ನಾಳೆ ಚಟ್ಟಿಗೇ ಮುತ್ತು ಕೊಡ್ತೀರಿ” ಎನ್ನುವುದು ಅವನ ಜಾಹೀರಾತು.

ನಾನು ಸಬ್ಹಾನ್‌ನ ಭಟ್ಟಿಗಳಿಗೆ ಬೇಕಾದ, ಬೆಂಕಿ ತಡೆಯುವ ಇಟ್ಟಿಗೆ ಮಾಡುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ರಸಾಯನಶಾಸ್ತ್ರದ ಎಂ.ಎಸ್ಸಿ. ಯಾರು ಏನು ಹೇಳಿದರೂ “ಅದಕ್ಕೆ ಆಧಾರ?” ಎಂದು ಕೇಳುವುದು ನನ್ನ ಚಟ. ಒಂದು ದಿನ ಗೌರಕ್ಕನನ್ನೂ ಕೇಳಿದೆ, ಮಣ್ಣಿಗೆ ಬೂದಿ ಎಷ್ಟು?

“ಒಂದ್ ಬುಟ್ಟಿಗೆ ಮೂರು ಬೊಗಸಿ.”

“ಯಾರ ಬೊಗಸೆ?”

“ಅಯ್ಯ, ನಿಮ್ಮದ ಇಟ್ಕೊಂಡು ನಾ ಏನ್ ಮಾಡ್ಲಿ? ನಂದರಿ!”

ಅದು ಅಳತೆಯಲ್ಲ ಎಂದು ಆಕೆಗೆ ಪಾಠ ಹೇಳಿದೆ. ನಕ್ಕಳು. ಒಂದು ಬುಟ್ಟಿ ಮಣ್ಣನ್ನೂ, ಆಕೆಯೇ ಬೊಗಸೆಯಲ್ಲಿ ಅಳೆದು ಕೊಟ್ಟ ಬೂದಿಯನ್ನೂ ಲ್ಯಾಬಿಗೆ ಒಯ್ದು ತೂಗಿದೆ. ಮಣ್ಣು ನೂರು ಪಾಲು, ಒಣ ಬೂದಿ ಮೂವತ್ತೊಂದು ಪಾಲು ಎಂದು ನನ್ನ ನಕಲು ಪುಸ್ತಕದಲ್ಲಿ, ಕೆಳಗೆ ಕಾರ್ಬನ್ ಇಟ್ಟು, ಬರೆದೆ. ಗೌರಕ್ಕನ ಹೆಸರನ್ನೂ ತಾರೀಖನ್ನೂ ಹಾಕಿದೆ. ಬಹಳ ಹೆಮ್ಮೆಯಾಯಿತು.

ಅದೇ ವಾರ ನಮ್ಮ ಕಫೀಲ್, ಅಂದರೆ ನನಗೆ ವೀಸಾ ಕೊಟ್ಟ ಯಜಮಾನ, ಕರೆಸಿದ್ದ ಹೊರದೇಶದ ಸಲಹೆಗಾರನೊಬ್ಬ ಲ್ಯಾಬಿಗೆ ಬಂದ. ನನ್ನ ಕೆಲಸವೂ, ಈ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿಯೂ ಆ ಕಫೀಲ್‌ನ ಕೈಯಲ್ಲಿದ್ದವು. ಸಲಹೆಗಾರ ಸಭ್ಯ ಮನುಷ್ಯ, ನನ್ನ ಮಾತನ್ನು ತಲೆಯಾಡಿಸುತ್ತ ಕೇಳಿದ. ಲ್ಯಾಬಿನಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ನಾನು ಬೂದಿಯ ವಿಷಯ ತೆಗೆದೆ. ಆಮೇಲೆ ಚಹಾ ತರಲು ಹೋದೆ, ಅಥವಾ ಹೋಗಲಿಲ್ಲ.

ಎರಡು ವರ್ಷದ ಮೇಲೆ ಕ್ಲಬ್ಬಿಗೆ ಆ ಸಲಹೆಗಾರನ ಕಂಪನಿಯ ವಕೀಲರ ಪತ್ರ ಬಂತು. ಕಬ್ಬಿನ ಬೂದಿ ಬೆರೆಸಿದ ಮಣ್ಣಿನ ಪೇಟೆಂಟ್ ತಮ್ಮದು. ಆ ಮಣ್ಣಿನಲ್ಲಿ ಪಾತ್ರೆ ಮಾಡಿ ಮಾರುವುದು, ಪ್ರದರ್ಶಿಸುವುದು ನಿಲ್ಲಬೇಕು. ಸದಸ್ಯರೆಲ್ಲ ಮುಚ್ಚಳಿಕೆಗೆ ಸಹಿ ಹಾಕಬೇಕು, ಇಲ್ಲವಾದರೆ ಭಟ್ಟಿ ಬಳಸುವಂತಿಲ್ಲ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿದರು. ಕಲಾವಿದೆಯರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಅವರನ್ನು ದೂರಲಾರೆ, ಎಲ್ಲರಿಗೂ ಇಕಾಮಾದ ಭಯ. ಗೌರಕ್ಕ ಪುಕ್ಕಟೆ ಕಲಿಸಿದ್ದನ್ನೇ ಆಮೇಲೆ ಅವರು ಸಬ್ಹಾನ್‌ನ ನಮ್ಮ ಕಫೀಲನದೇ ಗೋದಾಮಿನಿಂದ ಕಂಪನಿಯ ಚೀಲದಲ್ಲಿ ಕೊಂಡು ತಂದರು. ಕೊಳ್ಳಲಾಗದ ಇಬ್ಬರು ಮಣ್ಣಿನ ಕೆಲಸವನ್ನೇ ಬಿಟ್ಟರು.

ಗೌರಕ್ಕನ ಸರದಿ ಬಂದಾಗ ಆಕೆ ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

“ಇದು ನಮ್ಮವ್ವ ಮಾಡ್ತಿದ್ಲು, ಆಕಿ ಅವ್ವಾನೂ ಮಾಡ್ತಿದ್ಲು. ನಾ ಕದ್ದೇನಿ ಅಂತ ಸಹಿ ಹಾಕ್ಲೇನು?”

ಅದಕ್ಕೆ ಬರೆದಿಟ್ಟ ದಾಖಲೆ ಇದೆಯೇ ಎಂದು ಕಾರ್ಯದರ್ಶಿ ಕೇಳಿದರು. ಗೌರಕ್ಕನಿಗೆ ಅನುವಾದಿಸಲೆಂದು ನನ್ನನ್ನು ಕರೆಸಿದ್ದರು.

“ಗಡಿಗಿ ಐತಲ್ಲ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಸರ, ನೀವು ತೂಕಾ ಮಾಡಿ ಬರಕೊಂಡಿದ್ರಲ್ಲ? ತಾರೀಖು ಹಾಕಿದ್ರಿ. ಆ ಕಾಗದ ತೋರಸ್ರಿ ಇವರಿಗೆ.”

ಕಫೀಲ್‌ನ ಮುಖ ಕಣ್ಣ ಮುಂದೆ ಬಂತು. “ಅದು ಕಳೆದುಹೋಗಿದೆ ಗೌರಕ್ಕ,” ಎಂದೆ. ಈ ವಾಕ್ಯದ ಬಗ್ಗೆ ಮಾತ್ರ ನನ್ನ ನೆನಪಿಗೆ ಯಾವ ಅನುಮಾನವೂ ಇಲ್ಲ.

ಆಕೆ ನನ್ನನ್ನು ಒಂದು ಕ್ಷಣ ನೋಡಿದಳು. “ಹೋಗ್ಲಿ ಬಿಡ್ರಿ. ನಮ್ಮವ್ವ ಕರೆಂಟ್ ಭಟ್ಟಿ ಇಟ್ಕೊಂಡಿದ್ಲೇನು?” ಎಂದು ತನ್ನ ಚಕ್ರವನ್ನು ಗಂಡನ ಹೆಗಲಿಗೆ ಹೊರಿಸಿಕೊಂಡು ಹೊರಟೇಬಿಟ್ಟಳು.

ಚಳಿಗಾಲದಲ್ಲಿ ಇಲ್ಲಿಯವರು ಮರಳುಗಾಡಿನಲ್ಲಿ ಡೇರೆ ಹೊಡೆದು ಬೆಂಕಿ ಕಾಯಿಸಿಕೊಳ್ಳುತ್ತಾರೆ. ಆ ತಿಂಗಳುಗಳಲ್ಲಿ ಹೊಗೆ ಕಂಡರೆ ಯಾರೂ ಕಾರಣ ಕೇಳುವುದಿಲ್ಲ. ಗೌರಕ್ಕ ಅದನ್ನು ಗಮನಿಸಿದ್ದಳು. ಶುಕ್ರವಾರ ಬೆಳಗ್ಗೆ ಹಮೀದ್‌ನ ಪಿಕಪ್ಪಿನಲ್ಲಿ ಗಡಿಗೆಗಳು ಹೊರಟವು. ಮರಳಿನಲ್ಲಿ ಗುಂಡಿ ತೋಡಿ, ಊರಿನಲ್ಲಿ ಮಾಡುವಂತೆಯೇ ಗಡಿಗೆ ಸುಡುವ ಆವಿಗೆ ಹೂಡಿ, ಖರ್ಜೂರದ ಗರಿಯನ್ನೂ ಮುರುಕು ಹಲಗೆಯನ್ನೂ ಹೊದಿಸಿದಳು. ಹಲಗೆ ಹೊತ್ತವನು ನಾನು. ಅಷ್ಟರಿಂದಲೇ ನನ್ನ ತಪ್ಪು ತೀರಿತೆಂದು ಆಗ ಅಂದುಕೊಂಡಿದ್ದೆ.

“ಅಕ್ಕ, ಹೆಸರು ಬದಲ್ ಮಾಡುವಾ. ಸುಮ್ನೆ ‘ಊರ ಚಟ್ಟಿ’ ಅಂತ ಬರೀತೇನೆ,” ಎಂದ ಹಮೀದ್.

“ಗಾಣದ ಬೂದಿ ಗಡಿಗಿ ಅಂತನ ಬರಿ. ದೊಡ್ಡ ಅಕ್ಷರದಾಗ ಬರಿ.”

“ಕೇಸ್ ಹಾಕಿದ್ರೆ?”

“ಹಾಕ್ಲಿ ತಗೋ. ಕೋರ್ಟಿನಾಗ ಒಲಿ ಹಚ್ಚಿ ಅಡಗಿ ಮಾಡಿ ತೋರಸ್ತೀನಿ.”

ಹಮೀದ್ ಹಾಗೆಯೇ ಬರೆದ. ಇನ್ನೆರಡು ಪತ್ರಗಳು ಬಂದವು; ಅವುಗಳಲ್ಲಿ ಅವನು ಒಣಮೀನು ಕಟ್ಟಿ ಕೊಟ್ಟನೆಂದು ಕೇಳಿದ್ದೇನೆ. ಗಂಡನ ಕಾಂಟ್ರಾಕ್ಟ್ ಮುಗಿದು ಊರಿಗೆ ಹೋಗುವವರೆಗೆ ಗೌರಕ್ಕ ಐದು ಚಳಿಗಾಲ ಆವಿಗೆ ಸುಟ್ಟಳು. ಈಗಲೂ ಊರಿನಲ್ಲಿ ಸುಡುತ್ತಾಳೆ. ಆ ಕಂಪನಿ ಈಗ ಅಲ್ಲಿಯ ಕುಂಬಾರರಿಗೂ ಪತ್ರ ಬರೆಯತೊಡಗಿದೆ, ಗೌರಕ್ಕ ಒಬ್ಬ ವಕೀಲರನ್ನು ಹಿಡಿದಿದ್ದಾಳೆ.

ಇದು ಗೊತ್ತಾದದ್ದು ಮಗಳು ಪಾತ್ರೆ ತಂದ ದಿನವೇ, ಗೌರಕ್ಕನಿಗೆ ಫೋನ್ ಮಾಡಿದಾಗ. ಆ ಹಾಳೆ ಕಳೆದಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಆ ಕಡೆ ಯಾವುದೋ ಮೇಕೆ ಕೂಗಿತು.

“ಗೊತ್ತಿತ್ತರಿ ಸರ. ನಿಮ್ಮ ಕಿವಿ ಕೆಂಪಗಾಗಿದ್ವು. ಈಗರ ಆ ಕಾಗದ ಕಳಸ್ತೀರೋ, ಇಲ್ಲಾ ಮತ್ತ ಕಳಕೊಂಡ್ರೋ?”

ಹಳೆಯ ಟ್ರಂಕಿನಲ್ಲಿ ನಕಲು ಪುಸ್ತಕ ಸಿಕ್ಕಿತು. ಮೇಲಿನ ಹಾಳೆ ಇರಲಿಲ್ಲ, ಕಾರ್ಬನ್ ಪ್ರತಿ ಇತ್ತು. ಗೌರಕ್ಕನ ಹೆಸರು, ತಾರೀಖು. ಕೆಳಗೆ ನನ್ನದೇ ಅಕ್ಷರದಲ್ಲಿ ಆ ಸಲಹೆಗಾರನ ಹೆಸರು, ‘ತಮ್ಮ ಅವಗಾಹನೆಗೆ, ಗೌರವಪೂರ್ವಕ’ ಎಂಬ ಇಂಗ್ಲಿಷ್ ಒಕ್ಕಣೆ. ಚಹಾದ ಕತೆ ಅಲ್ಲಿಗೆ ಮುಗಿಯಿತು.

ಆ ಪುಟದ ಜೊತೆಗೆ, ಕೊಟ್ಟವನು ನಾನೇ ಎಂದು ಸಹಿ ಹಾಕಿದ ಹೇಳಿಕೆಯನ್ನು ಗೌರಕ್ಕನ ವಕೀಲರಿಗೆ ಕಳಿಸಿದ್ದೇನೆ. ಗೆಲ್ಲುತ್ತೇವೋ ಗೊತ್ತಿಲ್ಲ. ಇಕಾಮಾ ಹೋಗುವುದಿದ್ದರೆ ಹೋಗಲಿ, ನಾನು ಬಾಯಿ ಮುಚ್ಚುವುದಿಲ್ಲ. ಮಗಳು ತಂದ ಪಾತ್ರೆಯಲ್ಲಿ ಈರುಳ್ಳಿ ಇಟ್ಟಿದ್ದೇವೆ.

ಕಳಿಸುವ ಮುಂಚೆ ಒಂದನ್ನು ಮಾತ್ರ ಪರೀಕ್ಷಿಸಿದೆ. ಗೌರಕ್ಕ ಬೂದಿಯನ್ನು ಹಿಂದಿನ ದಿನವೇ ನೆನೆಹಾಕಿ, ಹಿಂಡಿ, ಒದ್ದೆಯಾಗಿಯೇ ಅಳೆಯುತ್ತಾಳೆ. ನಾನು ಅದನ್ನು ಒಣಗಿಸಿ ತೂಗಬೇಕಿತ್ತು. ಆ ದಿನ ಲ್ಯಾಬಿನ ಒಣಗಿಸುವ ಪೆಟ್ಟಿಗೆಯಲ್ಲಿ ನಮ್ಮೆಲ್ಲರ ಊಟದ ಡಬ್ಬಿಗಳು ಬಿಸಿಯಾಗುತ್ತಿದ್ದವು. ಹಸಿವಿನ ಅವಸರದಲ್ಲಿ ಒದ್ದೆ ಬೂದಿಯನ್ನೇ ತೂಗಿ ‘ಒಣ’ ಎಂದು ಬರೆದಿದ್ದೆ. ನಿಜವಾದ ಒಣ ತೂಕ ಹದಿನೆಂಟರ ಆಚೀಚೆ. ಮೂವತ್ತೊಂದು ಪಾಲು ಒಣ ಬೂದಿ ಹಾಕಿದರೆ ಗಡಿಗೆ ಕೈಯಲ್ಲೇ ಪುಡಿಯಾಗುತ್ತದೆ. ಮಾರುವ ಪಾತ್ರೆಗೆ ಯಾರೂ ಅಷ್ಟು ಹಾಕಲಾರರು, ಮಾಡಿ ನೋಡಿದವನು ಆ ಅಂಕಿಯನ್ನು ಬರೆಯಲಾರ. ಕಂಪ್ಯೂಟರಿನಲ್ಲಿ ಪೇಟೆಂಟಿನ ಪೂರ್ತಿ ಪಠ್ಯ ತೆಗೆದು, ಅತ್ಯುತ್ತಮ ಮಿಶ್ರಣ ಎಂದು ಅವರು ಕೊಟ್ಟ ಸಾಲನ್ನು ಮೂರು ಸಲ ಓದಿದೆ: ಮಣ್ಣು ನೂರು ಪಾಲು, ಒಣ ಬೂದಿ ಮೂವತ್ತೊಂದು.